ತಂಗಿಯ ಎತ್ತರದ ದೋಣಿ

ಬೇರೆಯವರು ನನ್ನ ಮನೆಗೆ ಬಂದರೆ ಕೂತುಕೊಳ್ಳುತ್ತಾರೆ. ನನ್ನ ತಂಗಿ ಬಂದರೆ ನಿಂತುಕೊಳ್ಳುತ್ತಿದ್ದಳು.

ನನ್ನದು ಮಹಡಿಯ ಮೇಲಿನ ಒಂದೇ ಕೋಣೆ. ಕೆಳಗೆ ಕಾಲುವೆ, ಪಕ್ಕಕ್ಕೆ ಕಲ್ಲಿನ ಸೇತುವೆ. ಕಿಟಕಿ ತೆಗೆದರೆ ಸೇತುವೆಯ ಮೇಲೆ ಹೋಗುವವರ ತಲೆಯೂ ಕಾಣುತ್ತದೆ, ಅಡಿಯಲ್ಲಿ ನುಗ್ಗುವ ದೋಣಿಗಳ ಬೆನ್ನೂ ಕಾಣುತ್ತದೆ. ತಂಗಿ ವಾರಕ್ಕೊಂದು ಸಲ ದೋಣಿ ಕಟ್ಟಿ ಮೆಟ್ಟಿಲು ಹತ್ತಿ ಬರುವಳು. ಚಪ್ಪಲಿ ಬಿಟ್ಟವಳೇ ನೇರ ಹೋಗಿ ಕಿಟಕಿಯ ಪಕ್ಕದ ಗೋಡೆಗೆ ಬೆನ್ನು ಕೊಟ್ಟು, ಹಿಮ್ಮಡಿ ಗೋಡೆಗೆ ತಾಗಿಸಿ, ತಲೆಯನ್ನೂ ತಾಗಿಸಿ, ಕಣ್ಣು ಮುಚ್ಚಿ ಒಂದು ಉಸಿರು ಬಿಡುವಳು.

"ಕೂತ್ಕೊಳ್ಳೆ, ಚಹಾ ಕುಡಿ."

"ನಿಂತೇ ಕುಡೀತೀನಿ ಬಿಡಕ್ಕ."

ಹಾಗೇ ನಿಂತು ಒಂದು ಗಂಟೆಯಾದರೂ ಮಾತಾಡುವಳು. ನಾನು ಮಂಚದ ಮೇಲೆ ಕೂತು ಕತ್ತು ಮೇಲೆತ್ತಿ ಕೇಳಿಸಿಕೊಳ್ಳಬೇಕು. ಅವಳ ತಲೆಯ ಎಣ್ಣೆ ತಾಗಿ ತಾಗಿ ಗೋಡೆಯ ಮೇಲೆ ಒಂದು ಗುರುತಾಗಿತ್ತು. ಸುಣ್ಣ ಬಳಿಯಲು ಬಂದವನು ಅದನ್ನು ನೋಡಿ, "ಇಷ್ಟು ಮೇಲೆ ಯಾರು ತಲೆ ಒರಗಿಸ್ತಾರಮ್ಮ?" ಎಂದು ಕೇಳಿದ್ದ.

ನಮ್ಮ ಮನೆಯಲ್ಲಿ ಅವಳೊಬ್ಬಳೇ ಹಾಗೆ ಬೆಳೆದದ್ದು. ನಾವೆಲ್ಲ ಕುಳ್ಳು ಅಲ್ಲದಿದ್ದರೂ ಸಾಧಾರಣ. ಅವಳು ಮಾತ್ರ ಒಂದು ವರ್ಷ ಜ್ವರ ಬಂದು ಎದ್ದವಳು ಬೆಳೆಯತೊಡಗಿದಳು ನೋಡಿ, ನಿಲ್ಲಲೇ ಇಲ್ಲ. ಅಮ್ಮ ಅವಳ ಬಟ್ಟೆಯ ಅಂಚು ಬಿಚ್ಚಿ ಬಿಚ್ಚಿ ಸೋತು, "ಇನ್ನು ಬಿಚ್ಚೋಕೆ ಏನೂ ಉಳಿದಿಲ್ಲ, ನೀನೇ ನಿಲ್ಲು ತಾಯಿ" ಎನ್ನುತ್ತಿದ್ದಳು. ಬೀದಿಯ ಮಕ್ಕಳು 'ಏಣಿ' ಎಂದು ಕರೆದರು. ಆ ಹೆಸರೇ ಉಳಿಯಿತು. ಕಾಲುವೆಯ ಉದ್ದಕ್ಕೂ ಅವಳು ಈಗಲೂ ಏಣಿಯೇ.

ಇಂಥವಳಿಗೆ ಸಿಕ್ಕಿದ ಗಂಡನನ್ನು ಜನ ಕರೆಯುವುದು 'ಅಚ್ಚೇರು' ಎಂದು. ಅರ್ಧ ಸೇರಿನ ಅಳತೆಯ ಪಾತ್ರೆ ಇರುತ್ತದಲ್ಲ, ಗಿಡ್ಡಗೆ, ದುಂಡಗೆ, ಗಟ್ಟಿಯಾಗಿ, ಹಾಗೆ ಇದ್ದಾನೆ ಅವನು. ಮದುವೆಯ ಫೋಟೊ ತೆಗೆಯುವವನು ಇಬ್ಬರನ್ನೂ ಪಕ್ಕಪಕ್ಕ ನಿಲ್ಲಿಸಿ, ತಲೆ ಕೆರೆದುಕೊಂಡು, ಕೊನೆಗೆ ಗಂಡಿನ ಕಾಲ ಕೆಳಗೆ ಇಟ್ಟಿಗೆ ಇಡಿಸಿದ. ಅವನೇನೂ ಬೇಜಾರು ಮಾಡಿಕೊಳ್ಳಲಿಲ್ಲ. "ನಮ್ಮ ದೋಣಿಯ ಇಟ್ಟಿಗೇನೇ ಇಡಿ, ಅದು ಒಡೆಯಲ್ಲ" ಎಂದನಂತೆ. ಆ ಮಾತಿಗೇ ನನ್ನ ತಂಗಿ ಅವನನ್ನು ಮೆಚ್ಚಿದ್ದು ಎಂದು ನನ್ನ ಲೆಕ್ಕ. ನಾನು ಅವನನ್ನು ಎದುರಿಗೆ 'ತಮ್ಮಾ' ಎನ್ನುತ್ತೇನೆ. ಅವನು ನನ್ನನ್ನು 'ಅಕ್ಕಾ' ಎನ್ನುತ್ತಾನೆ.

ಅವನದು ಇಟ್ಟಿಗೆ ಸಾಗಿಸುವ ದೋಣಿ. ಕಾಲುವೆಯ ಒಳತುದಿಯಲ್ಲಿ ಇಟ್ಟಿಗೆ ಭಟ್ಟಿ. ಅಲ್ಲಿ ತುಂಬಿಕೊಂಡು, ನನ್ನ ಕಿಟಕಿಯ ಕೆಳಗಿನ ಸೇತುವೆ ದಾಟಿ, ದೊಡ್ಡ ಹೊಳೆಗೆ ಬಿದ್ದು, ಪೇಟೆಯ ಕಟ್ಟೆಯಲ್ಲಿ ಇಳಿಸಿ, ಬರಿದು ಮಾಡಿಕೊಂಡು ವಾಪಸು ಬರಬೇಕು. ಗಂಡ ಹೆಂಡತಿ ಇಬ್ಬರೂ ದೋಣಿಯಲ್ಲೇ ಇರುವುದು. ದೋಣಿಯ ಹಿಂಭಾಗದಲ್ಲಿ ಹಲಗೆಯ ಒಂದು ಕೋಣೆ. ಅದರಲ್ಲೇ ಅಡುಗೆ, ಅದರಲ್ಲೇ ಹಾಸಿಗೆ. ಒಬ್ಬ ಮಗಳನ್ನು ಅಲ್ಲೇ ಸಾಕಿ, ಓದಿಸಿ, ಭಟ್ಟಿಯ ಹತ್ತಿರದ ಮನೆಯೊಂದಕ್ಕೆ ಕೊಟ್ಟರು. ಮಗಳಿಗೆ ಅಪ್ಪನ ಎತ್ತರ. ಹಾಗಾಗಿ ಅವಳಿಗೂ ಆ ಕೋಣೆಯಲ್ಲಿ ಏನೂ ತೊಂದರೆಯಾಗಲಿಲ್ಲ.

ತೊಂದರೆ ಆದದ್ದು ಒಬ್ಬಳಿಗೇ. ಆ ಕೋಣೆಯ ಸೂರು ನನ್ನ ತಂಗಿಯ ಭುಜದಿಂದ ಸ್ವಲ್ಪ ಮೇಲಿತ್ತು, ಅಷ್ಟೆ. ಮದುವೆಯಾಗಿ ಹೋದ ದಿನದಿಂದ ಅವಳು ಅದರೊಳಗೆ ಬಗ್ಗಿಯೇ ಬದುಕಿದವಳು. ಬಗ್ಗಿ ಸೌದೆ ಹಾಕುವುದು, ಬಗ್ಗಿ ಸೊಪ್ಪು ಬೇಯಿಸುವುದು, ಬಗ್ಗಿ ಬಟ್ಟೆ ಮಡಚುವುದು. ಹೊರಗೆ ಬಂದು ನೆಟ್ಟಗೆ ನಿಲ್ಲೋಣವೆಂದರೆ ಇಟ್ಟಿಗೆಯ ರಾಶಿ, ಬಿಸಿಲು, ಮಳೆ. ನಾನು ಒಮ್ಮೆ ಕೇಳಿದ್ದೆ, "ನಿನ್ನ ಗಂಡನಿಗೆ ಹೇಳ್ಬಾರ್ದೇನೆ?"

"ಏನಂತ ಹೇಳ್ಲಿ? ನಾನು ಉದ್ದ ಇದ್ದೀನಿ ಅಂತಾನಾ? ಅದು ಅವರಿಗೆ ಮದುವೆ ದಿನವೇ ಗೊತ್ತಾಗಿದೆ."

ಅಷ್ಟು ಹೇಳಿ ನಕ್ಕು, ಗೋಡೆಗೆ ಇನ್ನಷ್ಟು ಒತ್ತಿಕೊಂಡು ನಿಂತಳು. ನಾನು ಮತ್ತೆ ಕೇಳಲಿಲ್ಲ. ಆದರೆ ಅವಳು ಹೇಳದೆ ಬಿಟ್ಟದ್ದು ನನ್ನ ಕಿವಿಯಲ್ಲೇ ಉಳಿಯಿತು.

ಹೀಗಿರುವಾಗ ಭಟ್ಟಿಯವರು ಕೆಲಸ ಹೆಚ್ಚಿಸಿದರು. ಸಣ್ಣ ದೋಣಿ ಸಾಲದಾಯಿತು. ದೊಡ್ಡದೊಂದು ಕೊಳ್ಳಬೇಕು, ಹೊಸದು ಕೈಗೆ ಎಟಕುವುದಿಲ್ಲ, ಯಾರಾದರೂ ಬಳಸಿ ಬಿಟ್ಟದ್ದು ಸಿಕ್ಕರೆ ನೋಡೋಣ ಎಂದು ಅಚ್ಚೇರು ಹೊಳೆಯ ಮೇಲೂ ಕೆಳಗೂ ವಿಚಾರಿಸಿದ. ಹೊಳೆಯ ಆಚೆ ದಡದಲ್ಲಿ ಒಬ್ಬ ಮುದುಕ, ದೋಣಿ ಬಿಟ್ಟು ಮಗನ ಮನೆ ಸೇರಿದವನು, ತನ್ನದನ್ನು ಕೊಡುತ್ತಾನೆಂದು ಸುದ್ದಿ ಬಂತು. ನೋಡಲು ಹೊರಟಾಗ ತಂಗಿ ನನ್ನನ್ನೂ ಹತ್ತಿಸಿಕೊಂಡಳು.

ದೋಣಿ ದಡದಲ್ಲಿ ನೀರಿನಲ್ಲೇ ಕಟ್ಟಿಕೊಂಡು ಬಿದ್ದಿತ್ತು. ಬಣ್ಣ ಚಕ್ಕೆ ಎದ್ದು ಮೈಯೆಲ್ಲ ಹುಳುಕಡ್ಡಿಯಾದ ಹಾಗೆ. ಅಂಚಿನಲ್ಲಿ ಹುಲ್ಲು ಬೆಳೆದಿತ್ತು. ತಳದಲ್ಲಿ ಮೊಣಕಾಲುದ್ದ ನೀರು, ನೀರಿನ ಕೆಳಗೆ ಎಷ್ಟೋ ವರ್ಷದ ಇಟ್ಟಿಗೆ ಚೂರು, ಮರಳು, ಕೆಸರು. ಅಚ್ಚೇರು ಮೊಳೆಯೊಂದನ್ನು ಹಿಡಿದು ಹಲಗೆ ಹಲಗೆಗೂ ಚುಚ್ಚಿ ನೋಡಿದ. ಕೆಲವು ಕಡೆ ಮೊಳೆ ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯಿತು.

"ಇದೇನು ತಾತ, ದೋಣಿ ಮಾರ್ತಿದ್ದೀರೋ, ಸೌದೆ ಮಾರ್ತಿದ್ದೀರೋ?"

"ಸೌದೆ ಆಗಿದ್ರೆ ಇಷ್ಟು ಒದ್ದೆ ಇರ್ತಿರಲಿಲ್ಲ" ಎಂದ ಮುದುಕ, ಬಾಯಲ್ಲಿದ್ದ ಕಡ್ಡಿಯನ್ನು ತೆಗೆಯದೆ. "ಬೆನ್ನುಮೂಳೆ ನೋಡಪ್ಪ. ಬೆನ್ನುಮೂಳೆಗೆ ಚುಚ್ಚು. ಆಮೇಲೆ ಮಾತಾಡು."

ಬೆನ್ನುಮೂಳೆ ಎಂದರೆ ತಳದ ನಡುವೆ ಉದ್ದಕ್ಕೆ ಹೋಗುವ ತೊಲೆ. ಅಲ್ಲಿ ಮೊಳೆ ಇಳಿಯಲಿಲ್ಲ. ಅವನು ಸುತ್ತಿಗೆಯಲ್ಲಿ ಬಡಿದು ಕಿವಿ ಇಟ್ಟು ಕೇಳಿದ, ಮತ್ತೆ ಬಡಿದ. ಇಬ್ಬರಿಗೂ ಅಲ್ಲಿಂದ ಜಗ್ಗಾಟ ಶುರುವಾಯಿತು.

ಇದೆಲ್ಲ ನಡೆಯುವಾಗ ನನ್ನ ತಂಗಿ ಎಲ್ಲಿ ಎಂದು ನೋಡಿದರೆ ಅವಳಿಲ್ಲ. ಹಿಂದಿನ ಕೋಣೆಯ ಒಳಗಿನಿಂದ ಸಣ್ಣಗೆ ಕೂಗು ಬಂತು. "ಅಕ್ಕಾ, ಒಂದ್ನಿಮಿಷ ಇಲ್ಲಿ ಬಾ."

ಒಳಗೆ ಹೋದೆ. ಕಿಟಕಿಯ ಗಾಜು ಒಡೆದಿತ್ತು, ಒಲೆಯ ಗೂಡಿನಲ್ಲಿ ಯಾವುದೋ ಹಕ್ಕಿ ಕಸ ಕೂಡಿಸಿತ್ತು. ನಡುವೆ ನನ್ನ ತಂಗಿ ನಿಂತಿದ್ದಳು. ನಿಂತಿದ್ದಳು ಎಂದರೆ ನೆಟ್ಟಗೆ, ಕತ್ತು ಪೂರ್ತಿ ಎತ್ತಿ. ತಲೆಗೂ ಸೂರಿಗೂ ನಡುವೆ ಅಂಗೈಯನ್ನು ಚಪ್ಪಟೆ ಮಾಡಿ ತೂರಿಸಿ ತೋರಿಸಿದಳು. ಅಂಗೈ ಆರಾಮಾಗಿ ಹೋಗಿ ಬಂತು.

"ನೋಡಿದ್ಯಾ?"

"ನೋಡಿದೆ ಕಣೆ."

ಅವಳು ಒಲೆಯ ಮುಂದೆ ಹೋಗಿ ನಿಂತು, ಇಲ್ಲದ ಪಾತ್ರೆಯನ್ನು ಇಲ್ಲದ ಸೌಟಿನಲ್ಲಿ ತಿರುವಿದಳು. ಆಮೇಲೆ ಬಾಗಿಲಿಗೆ ಹೋಗಿ ಗಂಡನನ್ನು ಕರೆದು, "ಇದೇ ಇರ್ಲಿ ರೀ. ಕೋಣೆ ಚೆನ್ನಾಗಿದೆ" ಎಂದಳು.

ಮದುವೆಯಾಗಿ ಇಷ್ಟು ವರ್ಷದಲ್ಲಿ ಅವಳು ಬಾಯಿಬಿಟ್ಟು ಇದು ಬೇಕು ಎಂದದ್ದನ್ನು ನಾನು ಕೇಳಿರಲಿಲ್ಲ. ಅವನೂ ಕೇಳಿರಲಿಲ್ಲ ಅನಿಸುತ್ತದೆ, ಬಾಯಿ ತೆರೆದುಕೊಂಡು ನಿಂತ. "ಕಿಟಕಿ ದೊಡ್ಡದಾಗಿದೆ ಅಂತಾನಾ?" ಎಂದ. ಅವಳು ಹೂಂ ಎಂದಳು. ಮುದುಕ ಎದುರಿಗೇ ಇದ್ದನಲ್ಲ, ಹೆಚ್ಚು ಆಸೆ ತೋರಿಸಿದರೆ ಬೆಲೆ ಏರೀತು.

ಅಚ್ಚೇರು ದುಡುಕಿನವನಲ್ಲ. ಹೊರಡುವ ಮುಂಚೆಯೇ ಸೇತುವೆಯ ಕಮಾನಿನ ಅಡಿಯಿಂದ ನೀರಿನವರೆಗೆ ಅಳೆದು, ಅಷ್ಟೇ ಉದ್ದದ ಕೋಲು ಕತ್ತರಿಸಿ ತಂದಿದ್ದ. ಕೋಲಿನ ಬುಡವನ್ನು ನೀರಿಗೆ ತಾಗಿಸಿ ದೋಣಿಯ ಪಕ್ಕಕ್ಕೆ ಹಿಡಿದ. ಕೋಲು ಕೋಣೆಯ ಸೂರಿಗಿಂತ ಒಂದು ಬೆರಳು ಎತ್ತರಕ್ಕೆ ನಿಂತಿತು. "ಉಜ್ಜಿಕೊಂಡು ಹೋಗುತ್ತೆ, ಆದ್ರೆ ಹೋಗುತ್ತೆ" ಎಂದ. ವ್ಯಾಪಾರ ಮುಗಿಯಿತು. ಹಳೆಯ ದೋಣಿಗೆ ಕಟ್ಟಿ ಎಳೆದುಕೊಂಡು ಬಂದಾಗ ನಾನೇ ನೋಡಿದ್ದೇನೆ, ಅದು ಸೇತುವೆಯ ಅಡಿಯಲ್ಲಿ ಹೇಳಿದ ಹಾಗೆಯೇ ಒಂದು ಬೆರಳು ಬಿಟ್ಟು ನುಸುಳಿತು.

ಆಮೇಲೆ ರಿಪೇರಿ. ಭಟ್ಟಿಯ ಹತ್ತಿರ ದೋಣಿ ಬಡಗಿಯ ಕೊಟ್ಟಿಗೆ ಇದೆ. ಬಡಗಿ ಮಾತು ಕಡಿಮೆಯ ಮನುಷ್ಯ. ಎರಡು ಮೊಳೆ ತುಟಿಯಲ್ಲಿ ಕಚ್ಚಿಕೊಂಡೇ ಇರುತ್ತಾನೆ, ಮಾತಾಡಬೇಕೆಂದರೆ ಅವನ್ನು ಮೊದಲು ತೆಗೆಯಬೇಕು, ಅದಕ್ಕೆ ಸೋಮಾರಿತನ. ದೋಣಿಯನ್ನು ದಡಕ್ಕೆ ಎಳೆದು, ಒಂದೊಂದು ಪಕ್ಕಕ್ಕೆ ವಾಲಿಸಿ, ಕೊಳೆತ ಹಲಗೆ ಕಿತ್ತು ಹೊಸದು ಕೂಡಿಸಿದ. ಸಂದಿ ಸಂದಿಗೂ ನಾರು ತುಂಬಿ ಮೇಲೆ ಡಾಂಬರು ಎಳೆದ. ಅದಕ್ಕೂ ಮುಂಚೆ ತಳದ ಕೆಸರು, ಮರಳು, ಇಟ್ಟಿಗೆ ಚೂರನ್ನೆಲ್ಲ ಗಂಡ ಹೆಂಡತಿ ಬುಟ್ಟಿಯಲ್ಲಿ ಹೊತ್ತು ಹಾಕಿದ್ದರು. ಅದು ದಡದಲ್ಲಿ ಒಂದು ಸಣ್ಣ ಗುಡ್ಡವೇ ಆಯಿತು. "ಈ ಮುದುಕ ದೋಣಿ ಜತೆ ಜಮೀನನ್ನೂ ಮಾರಿದ್ದಾನೆ" ಎಂದ ಅಚ್ಚೇರು.

ತಂಗಿ ಕೋಣೆಯನ್ನು ತಾನೇ ಉಜ್ಜಿ ತೊಳೆದಳು. ಒಲೆಯ ಗೂಡಿಗೆ ಹೊಸ ಮಣ್ಣು, ಸೂರಿನ ಮೇಲಕ್ಕೆ ಗಿಡ್ಡದೊಂದು ಹೊಗೆ ಕೊಳವೆ, ಕಿಟಕಿಗೆ ಗಾಜು, ಒಳಗೆಲ್ಲ ತಿಳಿ ಹಸಿರು ಬಣ್ಣ. ಸೂರಿಗೆ ಬಣ್ಣ ಬಳಿಯಲು ಬಡಗಿಯ ಕೈಯಾಳು ಪೀಠ ತಂದರೆ, "ಅದ್ಯಾಕಪ್ಪ, ನಾನೇ ಇಲ್ವಾ" ಎಂದು ನೆಲದಲ್ಲಿ ನಿಂತೇ ಬಳಿದಳಂತೆ. ಆ ದಿನಗಳಲ್ಲಿ ಅವಳು ನನ್ನ ಮನೆಗೆ ಬಂದಾಗ ಮೊದಲ ಬಾರಿ ಕುರ್ಚಿಯಲ್ಲಿ ಕೂತಳು. "ಏನಾಯ್ತೆ, ಹುಷಾರಿಲ್ವಾ?" ಎಂದೆ ನಾನು.

ದೋಣಿಯನ್ನು ನೀರಿಗೆ ಇಳಿಸಿದಾಗ ಅದು ಬಾತುಕೋಳಿಯ ಹಾಗೆ ತೇಲಿತು. ಒಂದು ಹನಿ ಒಳಗೆ ಬರಲಿಲ್ಲ. ಹಳೆಯದನ್ನು ಮಾರಿ, ಪಾತ್ರೆ ಪಗಡ ಹಾಸಿಗೆ ಸಾಗಿಸಿ, ಮೊದಲ ಸಲ ಇಟ್ಟಿಗೆ ತುಂಬಿಕೊಂಡು ಸೇತುವೆ ದಾಟಿ ಹೋದರು. ತಂಗಿ ಕೋಣೆಯ ಕಿಟಕಿಯಿಂದ ನನ್ನ ಕಿಟಕಿಗೆ ಸೌಟು ತೋರಿಸಿದಳು. ತುಂಬಿದ ದೋಣಿ, ನೀರಿನಲ್ಲಿ ಚೆನ್ನಾಗಿ ಇಳಿದಿತ್ತು. ಸೇತುವೆಗೂ ಸೂರಿಗೂ ನಡುವೆ ಒಂದು ಬೆಕ್ಕು ಓಡಾಡುವಷ್ಟು ಜಾಗವಿತ್ತು.

ಸಂಜೆ ಬರಿದಾಗಿ ವಾಪಸು ಬಂದರು. ನಾನು ಅಕ್ಕಿ ಆರಿಸುತ್ತ ಕಿಟಕಿಯಲ್ಲೇ ಕೂತಿದ್ದೆ. ಢಣ್ ಎಂದು ಸದ್ದಾಯಿತು. ಒಲೆಯ ಹೊಗೆ ಕೊಳವೆ ಕಮಾನಿಗೆ ಬಡಿದು ಸೊಟ್ಟಗಾಯಿತು, ಹಿಂದೆಯೇ ಕೋಣೆಯ ಅಂಚು ಕಲ್ಲಿಗೆ ತಗುಲಿ ದೋಣಿ ನಿಂತುಬಿಟ್ಟಿತು. ಅಚ್ಚೇರು ಇಂಜಿನ್ ಹಿಂದಕ್ಕೆ ತಿರುಗಿಸಿ ಬಿಡಿಸಿಕೊಂಡು, ಮತ್ತೊಮ್ಮೆ ನಿಧಾನ ನುಗ್ಗಿಸಿದ. ಮತ್ತೆ ತಗುಲಿತು. ಮಗಳು, ಭಟ್ಟಿ, ಕೆಲಸ ಎಲ್ಲ ಸೇತುವೆಯ ಆಚೆ, ದೋಣಿ ಈಚೆ.

ಸೇತುವೆಯ ಮೇಲೆ ಜನ ಸೇರಿದರು. "ಹೋದ ಸಲ ಬಂತಲ್ಲ!" ಎಂದರು ಕೆಲವರು. "ಸೇತುವೆಗೂ ವಯಸ್ಸಾಯ್ತು, ಕುಗ್ಗಿದೆ" ಎಂದ ದರ್ಜಿ. ಅಚ್ಚೇರು ತನ್ನ ಕೋಲು ತಂದು ಅಳೆದ. ಸೇತುವೆ ಅಷ್ಟೇ ಇತ್ತು. ದೋಣಿಯೇ ನಾಲ್ಕು ಬೆರಳು ಬೆಳೆದಿತ್ತು.

ಅವನು ಕೋಲು ಹಿಡಿದು ಸುಮಾರು ಹೊತ್ತು ನಿಂತ. ಆಮೇಲೆ ಏನೂ ದೊಡ್ಡ ವಿಷಯವಲ್ಲ ಎಂಬ ಹಾಗೆ, "ನಾಳೆ ಬಡಗಿನ ಕರೆಸ್ತೀನಿ. ಸೂರು ಬಿಚ್ಚಿ ಒಂದೈದು ಬೆರಳು ಇಳಿಸಿದ್ರೆ ಮುಗೀತು" ಎಂದ.

ನಾನು ತಂಗಿಯನ್ನು ನೋಡಿದೆ. ಅವಳು ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಸೂರಿನ ಅಂಚನ್ನು ಒಮ್ಮೆ ಮುಟ್ಟಿದಳು. ಒಳಗೆ ಹೋದಳು.

ಮಾರನೆಯ ಬೆಳಿಗ್ಗೆ ಬಡಗಿ ಗರಗಸದ ಜತೆ ಬಂದ. ನಾನೂ ಮೆಟ್ಟಿಲು ಇಳಿದು ಹೋದೆ. ನನ್ನ ಮಂಡಿಗೆ ಆ ಮೆಟ್ಟಿಲೆಂದರೆ ಆಗದು, ಆದರೂ ಹೋದೆ. ಬಡಗಿ ಸೀಮೆಸುಣ್ಣದಲ್ಲಿ ಕೋಣೆಯ ಗೋಡೆಗೆ ಗೆರೆ ಎಳೆಯುತ್ತಿದ್ದ. ತಂಗಿ ಒಳಗೆ ಪಾತ್ರೆಗಳನ್ನು ಬಟ್ಟೆಯಲ್ಲಿ ಕಟ್ಟುತ್ತಿದ್ದಳು, ಹೊಟ್ಟು ಬೀಳದಿರಲಿ ಎಂದು.

"ಏನೇ ಇದು?"

"ಐದು ಬೆರಳು ತಾನೇ ಅಕ್ಕ. ನಂಗೇನು, ಬಗ್ಗಿ ಅಭ್ಯಾಸ ಇದೆ" ಎಂದಳು. ಹೇಳುವಾಗ ನೆಟ್ಟಗೆ ನಿಂತೇ ಇದ್ದಳು. ಎಷ್ಟು ಹೊತ್ತು ಸಿಗುತ್ತದೋ ಅಷ್ಟು ಹೊತ್ತು ನಿಂತುಕೊಳ್ಳೋಣ ಎನ್ನುವ ಹಾಗೆ.

ನಾನು ಹೊರಗೆ ಬಂದೆ. "ತಮ್ಮಾ, ಒಂದು ಮಾತು ಕೇಳ್ತೀನಿ. ಆ ಹಳೇ ದೋಣಿಯ ಕೋಣೇಲಿ ನಿನ್ನ ತಲೆ ಎಷ್ಟು ಸಲ ಸೂರಿಗೆ ಹೊಡೆದಿದೆ?"

"ನಂದಾ? ಒಂದು ಸಲಾನೂ ಇಲ್ಲ."

"ಅವಳದು?"

"ಅವಳದು ಯಾಕೆ ಹೊಡೆಯುತ್ತೆ ಅಕ್ಕಾ? ಅವಳು ಯಾವಾಗ್ಲೂ ಬಗ್ಗೇ ಇರ್ತಾಳಲ್ಲ."

"ಯಾಕಪ್ಪಾ ಬಗ್ಗಿರ್ತಾಳೆ?"

ಅವನು ಸುಳ್ಳು ಹೇಳುವವನಲ್ಲ, ನಾಟಕ ಆಡುವವನೂ ಅಲ್ಲ. ಮುಖ ನೋಡಿದರೆ ತಿಳಿಯುತ್ತಿತ್ತು, ಮನಸ್ಸಿನಲ್ಲಿದ್ದದ್ದನ್ನೇ ಹೇಳಿದ. "ಅವಳ ಸ್ವಭಾವ ಹಾಗೆ ಅಂದ್ಕೊಂಡಿದ್ದೆ. ತಗ್ಗಿ ನಡೆಯೋಳು, ನಾಚಿಕೆ ಜಾಸ್ತಿ ಅಂತ."

ಬಡಗಿಯ ತುಟಿಯಿಂದ ಮೊಳೆ ಎರಡೂ ಬಿದ್ದವು.

ಒಳಗಿನಿಂದ ನನ್ನ ತಂಗಿ, "ನಾಚಿಕೇನಾ? ನಂಗಾ?" ಎಂದು ಕೂಗಿದಳು. ಮಗಳನ್ನು ಬಡಿದ ಎಂದು ಒಬ್ಬ ಮೇಷ್ಟರ ಮನೆಗೆ ಹೋಗಿ ಜಗಳ ಮಾಡಿದವಳು, ಕಟ್ಟೆಯ ಹಮಾಲಿಗಳ ಬಾಯಿಗೆ ಬಾಯಿ ಕೊಡುವವಳು ಅವಳು. ಹೊರಗೆ ಬಂದು ಸೊಂಟಕ್ಕೆ ಕೈ ಇಟ್ಟು ಗಂಡನನ್ನು ನೋಡಿದಳು. "ಇಷ್ಟು ವರ್ಷ ನನ್ನ ನಾಚಿಕೆಗೆ ಖುಷಿ ಪಡ್ತಿದ್ರಾ ನೀವು?"

"ಸ್ವಲ್ಪ" ಎಂದ ಅವನು.

ಅವಳಿಗೆ ನಗು ಬಂತು. ನಗುತ್ತ ನಗುತ್ತಲೇ ಕಣ್ಣು ಒರೆಸಿಕೊಂಡಳು. ಅವನು ನಗಲಿಲ್ಲ. ಕೋಣೆಯ ಒಳಗೆ ಹೋಗಿ ಸೂರನ್ನು ನೋಡಿದ, ಬಾಗಿಲನ್ನು ನೋಡಿದ. ಆಮೇಲೆ ಅವನು ಮಾಡಿದ್ದು ಯಾರೂ ಹೇಳಿಕೊಟ್ಟದ್ದಲ್ಲ. ಅಡುಗೆಯ ಹಲಗೆಯ ಕೆಳಗೆ, ಸೌದೆ ಇಡುವ ಜಾಗದಲ್ಲಿ ನುಗ್ಗಿ, ತಲೆ ಬೆನ್ನು ಬಗ್ಗಿಸಿಕೊಂಡು ನಿಂತ. ಅಲ್ಲಿಂದಲೇ ಕೈ ಚಾಚಿ ಒಲೆಯ ಮೇಲಿನ ಪಾತ್ರೆ ಮುಟ್ಟಲು ನೋಡಿದ. ಹೊರಗೆ ಬಂದಾಗ ಕತ್ತು ತಿಕ್ಕಿಕೊಳ್ಳುತ್ತಿದ್ದ. ಬಡಗಿಗೆ, "ಗೆರೆ ಅಳಿಸಿ" ಎಂದ.

"ಅಳಿಸಿದ್ರೆ ದೋಣಿ ಹೇಗೆ ಹೋಗುತ್ತೆ?"

"ಗೊತ್ತಿಲ್ಲ. ಮೊದಲು ಅಳಿಸಿ."

ಬಡಗಿ ಒದ್ದೆ ಬಟ್ಟೆಯಲ್ಲಿ ಗೆರೆ ಒರೆಸಿದ. ನಾವು ನಾಲ್ವರೂ ದೋಣಿಯ ಅಂಚಿನಲ್ಲಿ ಕೂತೆವು. ಚಹಾದಂಗಡಿಯವಳು ಸೇತುವೆಯಿಂದ ಹಗ್ಗದಲ್ಲಿ ಚಹಾ ಇಳಿಸಿದಳು. ಅಚ್ಚೇರು ಅದೇ ಪ್ರಶ್ನೆಯನ್ನು ಹಿಡಿದು ಕೂತಿದ್ದ. ಹೋದ ಸಲ ಹೋದದ್ದು ಈ ಸಲ ಯಾಕೆ ಹೋಗಲಿಲ್ಲ? ಕೋಲು ಅದೇ, ಸೇತುವೆ ಅದೇ, ಸೂರು ಅದೇ.

ಬಡಗಿ ಚಹಾ ಮುಗಿಸಿ, ಲೋಟ ಕೆಳಗಿಟ್ಟು, ದೋಣಿಯ ಪಕ್ಕದ ಹಲಗೆಯನ್ನು ನೋಡಿದ. ನೀರಿನ ಮೇಲೆ ಎಷ್ಟು ಡಾಂಬರು ಕಾಣುತ್ತಿತ್ತೋ ಅದನ್ನೇ ನೋಡಿದ. ಹಣೆ ಬಡಿದುಕೊಂಡ.

"ನಾನು ಒಳ್ಳೆ ಕೆಲಸ ಮಾಡಿದ್ದೇ ತಪ್ಪಾಯ್ತಲ್ಲ ಮಾರಾಯ! ಅವತ್ತು ಇದರ ಹೊಟ್ಟೇಲಿ ಕೆಸರು, ಕಲ್ಲು, ನೀರು. ಹಲಗೆ ಎಲ್ಲ ನೀರು ಕುಡಿದು ಭಾರ. ಕಾಯಿಲೆ ಬಿದ್ದು ಕುಸಿದು ಕೂತಿತ್ತು, ನೀನು ಕೂತವರ ಎತ್ತರ ಅಳೆದೆ. ಈಗ ವಾಸಿಯಾಗಿದೆ, ಎದ್ದು ನಿಂತಿದೆ."

 ಆಮೇಲೆ ಅಚ್ಚೇರು ಮೇಲೆದ್ದು ಸೇತುವೆಯ ಕಡೆ ಮುಖ ಮಾಡಿ ಬಾಯಿಗೆ ಕೈ ಹಿಡಿದು ಕೂಗಿದ. "ಯಾರಾದ್ರೂ ದೋಣಿ ಹತ್ತಿ ಬನ್ನಿ! ದಪ್ಪ ಇರೋರು ಮೊದಲು!"

ಬೆಳಗಿನ ಹೊತ್ತು ಸೇತುವೆಯ ಮೇಲೆ ಕೆಲಸಕ್ಕೆ ಹೊರಟವರಿಗಿಂತ ಹೊರಡದವರೇ ಹೆಚ್ಚು. ದರ್ಜಿ ಬಂದ, ಸೈಕಲ್ ಅಂಗಡಿಯವನು ಬಂದ, ಚಹಾದಂಗಡಿಯವಳು ಒಲೆ ಆರಿಸಿ ಬಂದಳು. ಹಿಟ್ಟಿನ ಗಿರಣಿಯವನು ಬಂದಾಗ ಜನ ದಾರಿ ಬಿಟ್ಟು ಮರ್ಯಾದೆ ಮಾಡಿದರು. ಅವನು ಮೂರು ಜನಕ್ಕೆ ಸಮ. "ನೋಡಿ, ನನ್ನ ಊಟಕ್ಕೆ ಹೆಸರಿಡ್ತಿದ್ರಲ್ಲ, ಈಗ ಬೇಕಾಯ್ತಾ?" ಎನ್ನುತ್ತ ಹತ್ತಿದ.

ಹತ್ತಿದವರೆಲ್ಲ ಏನು ಮಾಡಿದರು? ಸೇತುವೆ ದಾಟುವುದನ್ನು ನೋಡಬೇಕೆಂದು ಮುಂದಕ್ಕೆ ಹೋಗಿ ಗುಂಪಾಗಿ ನಿಂತರು. ಇಂಜಿನ್ ಗುರುಗುಟ್ಟಿತು, ದೋಣಿ ಹೋಯಿತು, ಢಣ್! ಸೊಟ್ಟಗಿದ್ದ ಹೊಗೆ ಕೊಳವೆ ಪೂರ್ತಿ ಮುರಿದು ನೀರಿಗೆ ಬಿತ್ತು. ಮುಂದೆ ಭಾರ ಬಿದ್ದರೆ ಹಿಂದೆ ಏಳುವುದಿಲ್ಲವೇ? ಕೋಣೆ ಇರುವುದು ಹಿಂದೆ. ದೋಣಿ ಮೂಗು ಅದ್ದಿ ಬಾಲ ಎತ್ತಿತ್ತು.

"ಹಿಂದಕ್ಕೆ ಬನ್ರೋ!" ನನ್ನ ತಂಗಿ ಕೋಣೆಯ ಕಿಟಕಿಯಿಂದ ತಲೆ ಹಾಕಿ ಕಿರುಚಿದಳು. "ಜಾತ್ರೆ ನೋಡೋಕೆ ಬಂದಿದ್ದೀರಾ? ಹಿಂದಕ್ಕೆ! ಗಿರಣಿಯವ್ರೇ, ನೀವು ಎಲ್ರಿಗಿಂತ ಹಿಂದೆ!"

ಎಲ್ಲರೂ ಕೋಣೆಯ ಎರಡೂ ಪಕ್ಕಕ್ಕೆ, ಹಿಂದಿನ ಅಂಚಿಗೆ, ಒಬ್ಬರ ಮೇಲೊಬ್ಬರು ಬಿದ್ದ ಹಾಗೆ ಬಂದು ಕುಕ್ಕರು ಕೂತರು. ನಾನೂ ಗಿರಣಿಯವನ ಪಕ್ಕ ಕೂತೆ. ನನ್ನ ಭಾರ ಯಾವ ಲೆಕ್ಕ, ಆದರೂ ಇರಲಿ ಎಂದು. ದೋಣಿಯ ಹಿಂಭಾಗ ನಿಧಾನವಾಗಿ ಇಳಿಯಿತು. ಕಮಾನಿನ ಕಲ್ಲು ನಮ್ಮ ತಲೆಯ ಮೇಲೆ ಬಂತು. ಬಡಗಿ ಸೂರಿನ ಅಂಚಿಗೆ ಕಣ್ಣಿಟ್ಟು, "ಬರ್ಲಿ... ಬರ್ಲಿ... ಉಸಿರು ಬಿಡಬೇಡಿ ಗಿರಣಿಯವ್ರೇ..." ಎನ್ನುತ್ತಿದ್ದ. ಒಂದು ಕಡೆ ಸರ್ ಎಂದು ಬಣ್ಣ ಕೆರೆಯಿತು. ಮತ್ತೆ ಬಿಸಿಲು ಬಂತು. ದಾಟಿತ್ತು.

ದಾಟಿದ ಖುಷಿಗೆ ಎಲ್ಲರೂ ಒಟ್ಟಿಗೆ ಎದ್ದು ಕುಣಿದು, ದೋಣಿ ಮಗುಚುವ ಹಾಗಾಗಿ, ತಂಗಿಯ ಬೈಗುಳ ಕೇಳಿ ಮತ್ತೆ ಕೂತರು.

"ಇವತ್ತು ಆಯ್ತು" ಎಂದ ದರ್ಜಿ. "ದಿನಾ ನಮ್ಮನ್ನ ಕರೀತೀಯೇನಯ್ಯ?"

"ದಿನಾ ಬಂದ್ರೆ ಗಿರಣಿ ಯಾರು ನಡೆಸ್ತಾರೆ?" ಎಂದ ಗಿರಣಿಯವನು. "ನನ್ನಷ್ಟೇ ದಪ್ಪದ ಪೀಪಾಯಿ ತಂದಿಟ್ಕೋ. ಅದಕ್ಕೆ ಊಟ ಹಾಕ್ಬೇಕಾಗಿಲ್ಲ, ನೀರು ಕುಡಿಸಿದ್ರೆ ಸಾಕು."

ತಮಾಷೆಗೆ ಹೇಳಿದ ಮಾತು. ಅಚ್ಚೇರು ತಮಾಷೆ ಎಂದುಕೊಳ್ಳಲಿಲ್ಲ. ಆ ವಾರದಲ್ಲೇ ಎಣ್ಣೆಯ ಖಾಲಿ ಪೀಪಾಯಿಗಳನ್ನು ತಂದು ಕೋಣೆಯ ಎರಡು ಪಕ್ಕಕ್ಕೂ ಕಬ್ಬಿಣದ ಪಟ್ಟಿಯಲ್ಲಿ ಬಿಗಿಸಿದ. ಪೇಟೆಯಲ್ಲಿ ಇಟ್ಟಿಗೆ ಇಳಿಸಿದ ಮೇಲೆ ಕೈಪಂಪು ಒತ್ತಿ ಹೊಳೆಯ ನೀರನ್ನು ಅವಕ್ಕೆ ತುಂಬುವುದು. ಸೇತುವೆ ದಾಟಿದ ಮೇಲೆ ಬಿರಡೆ ತೆಗೆದು ಕಾಲುವೆಗೆ ಬಿಡುವುದು. ಹೋಗುವಾಗ ಇಟ್ಟಿಗೆಯ ಭಾರ, ಬರುವಾಗ ನೀರಿನ ಭಾರ. ಪಂಪು ಒತ್ತುವುದು ಹಗುರದ ಕೆಲಸವಲ್ಲ. ಇಟ್ಟಿಗೆ ಹೊರಿಸಿ ದಣಿದ ಮೇಲೆ ಅದೊಂದು ಹೆಚ್ಚಿನ ಕೆಲಸ. ಸೂರು ಇಳಿಸಿದ್ದರೆ ಒಂದೇ ದಿನಕ್ಕೆ ಮುಗಿದುಹೋಗುತ್ತಿದ್ದದ್ದನ್ನು ಅವನು ಪ್ರತಿ ಸಲವೂ ಮಾಡಬೇಕು. ತಂಗಿ ಪಂಪಿಗೆ ಕೈ ಹಾಕಲು ಹೋದರೆ, "ನೀನು ಅಡುಗೆ ನೋಡ್ಕೋ. ಇದು ನನ್ನ ಲೆಕ್ಕದ್ದು" ಎನ್ನುತ್ತಾನಂತೆ.

ಕಟ್ಟೆಯ ಹಮಾಲಿಗಳು ಬಿಡುತ್ತಾರೆಯೇ? "ಏನಯ್ಯ ಅಚ್ಚೇರು, ಏಣಿಗೆ ನೀರು ಹಾಕ್ತಿದ್ದೀಯಾ? ಇನ್ನೂ ಬೆಳೀಲಿ ಅಂತಾನಾ?"

"ಬೆಳೀಲಿ ಬಿಡ್ರಪ್ಪ, ಜಾಗ ಇದೆ" ಎನ್ನುತ್ತಾನೆ ಅವನು, ಪಂಪು ನಿಲ್ಲಿಸದೆ.

ಆದರೆ ಇನ್ನೊಂದು ಫಜೀತಿ ಇತ್ತು. ಕೋಣೆ ಎತ್ತರವಾಯಿತು, ತಂಗಿಯ ಕತ್ತು ಎತ್ತರವಾಗಲಿಲ್ಲ. ಇಷ್ಟು ವರ್ಷ ಬಗ್ಗಿದ ಮೈ, ಕೋಣೆಯ ಬಾಗಿಲು ಕಂಡ ಕೂಡಲೆ ತಾನಾಗಿಯೇ ಬಗ್ಗುತ್ತಿತ್ತು. ಒಲೆಯ ಮುಂದೆಯೂ ಬಗ್ಗಿಯೇ ನಿಂತಿರುವಳು, ಯಾರಾದರೂ ಹೇಳಿದರೆ ಆಗ ನೆನಪಾಗುವುದು. ಸೇತುವೆ ಬಂದಾಗಲಂತೂ ಕೇಳಬೇಡಿ. ಎಲ್ಲ ದೋಣಿಯವರೂ ಸೇತುವೆ ಬಂದಾಗ "ತಲೆ ತಗ್ಗಿಸಿ!" ಎಂದು ಕೂಗುವುದು ವಾಡಿಕೆ. ಆ ಕೂಗು ಕೇಳಿದರೆ ಅವಳು ಒಳಗೆ ಮಡಿಸಿದ ಹಾಗೆ ಕೂತುಬಿಡುತ್ತಿದ್ದಳು, ಸೂರು ತಲೆಯ ಮೇಲೆ ಗಟ್ಟಿಯಾಗಿ ಇದ್ದರೂ. ಅಚ್ಚೇರು ಹೊರಗಿನವರಿಗೆ ಒಂದು, ಒಳಗಿನವಳಿಗೆ ಒಂದು, ಎರಡು ಕೂಗು ಶುರು ಮಾಡಿದ. "ತಲೆ ತಗ್ಗಿಸಿ!" ಎಂದು ಒಮ್ಮೆ, ಆಮೇಲೆ ಕೋಣೆಯ ಕಡೆ ತಿರುಗಿ, "ನೀನು ಎತ್ತು!" ಎಂದು ಒಮ್ಮೆ. ನನ್ನ ಕಿಟಕಿಗೆ ಎರಡೂ ಕೇಳುತ್ತಿದ್ದವು. ಬೇರೆ ದೋಣಿಯವರೂ ಅದನ್ನು ಕಲಿತು, ಅವರನ್ನು ಹಾದುಹೋಗುವಾಗ "ಏಣಿ, ತಲೆ ಎತ್ತು!" ಎಂದು ಕೂಗಿ ಹೋಗುತ್ತಿದ್ದರು.

ಅವಳು ನನ್ನ ಮನೆಗೆ ಬರುವುದು ಕಡಿಮೆಯಾಯಿತು. ಬಂದಾಗ ಕೂರುತ್ತಾಳೆ, ಕಾಲು ಚಾಚುತ್ತಾಳೆ, ಒಮ್ಮೊಮ್ಮೆ ಮಂಚದ ಮೇಲೆ ಹಾಗೇ ನಿದ್ದೆ ಹೋಗುತ್ತಾಳೆ. ನನಗೆ ಕತ್ತು ಎತ್ತುವ ಕಷ್ಟ ತಪ್ಪಿತು.

ಮೊನ್ನೆ ಪೇಟೆಯಲ್ಲಿ ಕಣ್ಣಿನ ಡಾಕ್ಟರನ್ನು ನೋಡಬೇಕಿತ್ತು. ತಂಗಿಯ ದೋಣಿಯಲ್ಲೇ ಹೋಗಿ ಅದರಲ್ಲೇ ಬಂದೆ. ಬರುವಾಗ ಅಚ್ಚೇರು ಪಂಪು ಒತ್ತಿ, ಪೀಪಾಯಿಗಳಿಗೆ ಬಿರಡೆ ಜಡಿದು, ಕೋಲು ಹಿಡಿದು ಅಳೆದು, ಇಂಜಿನ್ ಹಾಕಿದ. ನಾನು ಕೋಣೆಯ ಬಾಗಿಲಲ್ಲಿ ಕೂತೆ, ಒಳಗೆ ತಂಗಿ ಒಲೆಯ ಮುಂದೆ ನಿಂತು ಮಗಳ ಸುದ್ದಿ ಹೇಳುತ್ತಿದ್ದಳು. ಅಳಿಯ ಹೊಸ ಸೈಕಲ್ ತಂದದ್ದು, ಅದಕ್ಕೆ ಬೆಲ್ ಇಲ್ಲದ್ದು, ಮಗಳು ಬಾಯಲ್ಲೇ ಬೆಲ್ ಹೊಡೆದುಕೊಂಡು ಹೋಗುವುದು. ಪಾತ್ರೆ ಕುದಿಯುತ್ತಿತ್ತು. ಕಾಲುವೆಯ ಬಾಯಿ ಬಂತು. "ತಲೆ ತಗ್ಗಿಸಿ!" ಎಂದು ಅಚ್ಚೇರು ಕೂಗಿದ. ನಾನು ತಗ್ಗಿಸಿದೆ. ಅವನು ಎರಡನೆಯ ಕೂಗು ಕೂಗಲಿಲ್ಲ. ಕೋಣೆಯ ಕಡೆ ಒಮ್ಮೆ ನೋಡಿ ಸುಮ್ಮನೆ ಚುಕ್ಕಾಣಿ ಹಿಡಿದ. ಕಮಾನಿನ ಅಡಿಯಲ್ಲಿ ಕತ್ತಲಾಯಿತು, ಇಂಜಿನ್ನಿನ ಸದ್ದು ಕಲ್ಲಿಗೆ ಬಡಿದು ದೊಡ್ಡದಾಯಿತು, ತಂಗಿಯ ಮಾತು ಮಾತ್ರ ನಿಲ್ಲಲಿಲ್ಲ. ಸದ್ದಿನ ಮೇಲೆ ಕೇಳಲಿ ಎಂದು ಇನ್ನೂ ಜೋರಾಯಿತು. ಬೆಳಕು ಬಂದಾಗ ನೋಡಿದೆ. ಸೌಟಿನಿಂದ ಅಂಗೈಗೆ ಒಂದು ಹನಿ ಹಾಕಿಕೊಂಡು ಉಪ್ಪು ನೋಡುತ್ತ ನೆಟ್ಟಗೆ ನಿಂತಿದ್ದಳು.

"ಸೇತುವೆ ಬಂತಾ ಅಕ್ಕ?" ಎಂದಳು.

"ಬಂದು ಹೋಯ್ತು ಕಣೆ."

ಹೊರಗೆ ಅಚ್ಚೇರು ಬಿರಡೆಗಳನ್ನು ಒಂದೊಂದಾಗಿ ಕೀಳುತ್ತಿದ್ದ. ಪೀಪಾಯಿಯ ನೀರು ಕಾಲುವೆಗೆ ಸುರಿಯುತ್ತಿತ್ತು. ದೋಣಿ ನಿಧಾನವಾಗಿ ಮೇಲೇಳುತ್ತಿತ್ತು.